ಹಿತ್ತಲಿನ ಅಡುಗೆಮನೆಗೆ ಇದು ಮೊದಲ ಮಳೆಗಾಲ, ಏನೇನು ತಯಾರಿ ಮಾಡಬೇಕು?

ಕಟಪಾಡಿ_ಹಿತ್ತಲು
ಎಲ್ಲರಿಗೂ ನಮಸ್ಕಾರ. ಕಳೆದ ಡಿಸೆಂಬರ್‌ನಲ್ಲಿ ಮನೆಯ ಹಿಂದೆ ಒಂದು ಹೊರಗಿನ ಅಡುಗೆಮನೆ ಕಟ್ಟಿಸಿದೆವು. ಕಟಪಾಡಿ ಹತ್ತಿರ, ಕಡಲಿಗೆ ಒಂದೂವರೆ ಕಿಲೋಮೀಟರ್ ಇರಬಹುದು. 12 ಅಡಿಗೆ 9 ಅಡಿ ಜಾಗ. ಒಂದು ಬದಿ ಮನೆಯ ಗೋಡೆ, ಉಳಿದ ಮೂರು ಬದಿ ಎರಡೂವರೆ ಅಡಿಯ ಮುರಕಲ್ಲಿನ ಗಿಡ್ಡ ಗೋಡೆ. ಅದರ ಮೇಲೆ ಪೂರ್ತಿ ತೆರೆದಿದೆ. ಕಬ್ಬಿಣದ ಪೈಪಿನ ಕಂಬ, ಮೇಲೆ ಶೀಟು. ಒಳಗೆ ಗ್ಯಾಸ್ ಸ್ಟೌ, ಒಂದು ಕಟ್ಟಿಗೆ ಒಲೆ, ಗ್ರಾನೈಟ್ ಕಟ್ಟೆ, ಸ್ಟೀಲ್ ಸಿಂಕ್, ಗ್ರೈಂಡರ್‌ಗೆ ಒಂದು ಪ್ಲಗ್. ಕಟ್ಟೆಯ ಕೆಳಗೆ ಪ್ಲೈವುಡ್ ಬಾಗಿಲಿನ ಕಪಾಟು.

ಐದು ತಿಂಗಳು ಬಹಳ ಖುಷಿಯಲ್ಲಿ ಅಡುಗೆ ಮಾಡಿದೆವು. ಅತ್ತೆ ಕುಚ್ಚಲಕ್ಕಿ ಅನ್ನ ಈಗ ಕಟ್ಟಿಗೆ ಒಲೆಯಲ್ಲೇ ಮಾಡುತ್ತಾರೆ. ಬಂಗುಡೆ ಹುರಿದರೆ ಮನೆಯೊಳಗೆ ವಾಸನೆ ಇಲ್ಲ. ಆದರೆ ಮೊನ್ನೆ ರಾತ್ರಿ ಗುಡುಗು ಮಳೆ ಬಂತು, ಬರೀ 20 ನಿಮಿಷ. ಬೆಳಿಗ್ಗೆ ನೋಡಿದರೆ ಸ್ಟೌ ಮೇಲೆ ನೀರು. ಕಪಾಟಿನ ಬಾಗಿಲು ಉಬ್ಬಿ ಮುಚ್ಚುತ್ತಿಲ್ಲ. ಒಲೆಯ ಬೂದಿ ಕೆಸರಾಗಿದೆ.

ಒಂದು ಮಳೆಗೇ ಹೀಗಾದರೆ ಜುಲೈಯಲ್ಲಿ ಏನು ಗತಿ? ನಾಲ್ಕು ತಿಂಗಳು ಮುಚ್ಚಿಡಬೇಕಾ? ಅಥವಾ ಮಳೆಯಲ್ಲೂ ಬಳಸುವ ಹಾಗೆ ಮಾಡಬಹುದಾ? ನಮ್ಮವರು ಸುತ್ತ ಟಾರ್ಪಾಲ್ ಎಳೆದು ಬಿಗಿಯೋಣ ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಪತ್ತನಾಜೆಗೆ (ಮೇ ಕೊನೆಯಲ್ಲಿ, ಮಳೆಗಾಲಕ್ಕೆ ಮೊದಲು ಬರುವ ತುಳುನಾಡಿನ ದಿನ) ಮೊದಲು ಕೆಲಸ ಮುಗಿಸಬೇಕು ಅಂತ ಇದೆ. ಗೊತ್ತಿದ್ದವರು ಹೇಳಿ.

ಬಾವಿಕಟ್ಟೆ_ಬಜ್ಪೆ
ಟಾರ್ಪಾಲ್ ಬಿಗಿಯಲೇಬೇಡಿ ಮಾರಾಯ್ರೇ. ಮೂರು ವರ್ಷದ ಹಿಂದೆ ನಾವು ಅದನ್ನೇ ಮಾಡಿದ್ದೆವು. ಜೂನ್ ಮೊದಲ ವಾರ ಸುತ್ತ ನೀಲಿ ಟಾರ್ಪಾಲ್ ಎಳೆದು, ಬುಡಕ್ಕೆ ಕಲ್ಲು ಹೇರಿ ಬಿಟ್ಟೆವು. ಚೌತಿ ಹತ್ತಿರ ಬಂತು ಅಂತ ಬಿಚ್ಚಿದಾಗ ವಾಸನೆಗೆ ಒಳಗೆ ನಿಲ್ಲಲು ಆಗಲಿಲ್ಲ. ಮಣೆ, ಸೌಟು, ಮರದ ಸ್ಟೂಲು, ಎಲ್ಲದರ ಮೇಲೂ ಬೂಸ್ಟು. ಡ್ರಾಯರ್ ತುಕ್ಕು ಹಿಡಿದು ಎಳೆದರೂ ಬರಲಿಲ್ಲ. ಒಂದು ಹನಿ ಮಳೆಯೂ ಒಳಗೆ ಬಿದ್ದಿರಲಿಲ್ಲ. ನೆಲದಿಂದ ಎದ್ದ ಪಸೆ ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ಕೂತಿತ್ತು, ಅಷ್ಟೇ.

ಮಾಡು_ಕೆಲಸ
ಬಾವಿಕಟ್ಟೆಯವರು ಹೇಳಿದ್ದು ಸರಿ. ಮೊದಲು ಎರಡು ವಿಷಯ ಹೇಳಿ. ತೆರೆದ ದೊಡ್ಡ ಬದಿ ಯಾವ ದಿಕ್ಕಿಗೆ? ಶೀಟು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ?

ಕಟಪಾಡಿ_ಹಿತ್ತಲು
ದೊಡ್ಡ ಬದಿ ಪಡುವಣಕ್ಕೆ. ಸಂಜೆ ಕಡಲ ಗಾಳಿ ಬರಲಿ ಅಂತ ಹಾಗೆ ಇಟ್ಟಿದ್ದು. ಶೀಟು ಒಂದು ಅಡಿ ಹೊರಗಿದೆ.

ಮಾಡು_ಕೆಲಸ
ಅಲ್ಲೇ ಇದೆ ನೋಡಿ. ನಮ್ಮಲ್ಲಿ ಮುಂಗಾರಿನ ಗಾಳಿ ಬರುವುದೇ ಪಡುವಣ ಮತ್ತು ತೆಂಕು-ಪಡುವಣದಿಂದ. ಮಳೆ ನೆಟ್ಟಗೆ ಬೀಳುವುದಿಲ್ಲ, ಓರೆಯಾಗಿ ನುಗ್ಗುತ್ತದೆ. ನಿಮ್ಮ ಸ್ಟೌ ನೆನೆದದ್ದು ಮಾಡು (ಛಾವಣಿ) ಸೋರಿ ಅಲ್ಲ, ಇರಚಲು ಹೊಡೆದು. ಒಂದು ಅಡಿ ಚಾಚಿದರೆ ಘಟ್ಟದ ಮೇಲಿನ ಊರಿಗೆ ಸಾಕು. ಕಡಲ ಬದಿಗೆ ಕಡಿಮೆ ಅಂದರೂ ಮೂರು ಅಡಿ ಬೇಕು. ಅದೂ ಕೆಳಕ್ಕೆ ಇಳಿದಿರಬೇಕು. ನಮ್ಮ ಹಳೇ ಮನೆಗಳ ಮಾಡು ನೋಡಿ, ಜಗಲಿಗೆ ಬರುವಾಗ ತಲೆ ಬಗ್ಗಿಸಬೇಕು. ಸುಮ್ನೆ ಅಷ್ಟು ತಗ್ಗಿಸಿ ಕಟ್ಟಲಿಲ್ಲ ಹಿರಿಯರು.

ಪಡುವಣಕ್ಕೆ ಎರಡೂವರೆ ಅಡಿ ಶೀಟು ಹೆಚ್ಚುವರಿ ಕೂಡಿಸಿ. ಬರೀ ಚಾಚಿದರೆ ಗಾಳಿ ಅಡಿಯಿಂದ ಎತ್ತುತ್ತದೆ. ಹಾಗಾಗಿ ಕಂಬದಿಂದ ಓರೆ ಪೈಪ್ ಕೊಟ್ಟು ಹಿಡಿಸಬೇಕು. ಸ್ಕ್ರೂ ಹಾಕುವಾಗ ರಬ್ಬರ್ ವಾಷರ್ ಇರುವುದೇ ಇರಲಿ. ಮತ್ತೆ ಸ್ಕ್ರೂ ಶೀಟಿನ ಏರಿನ ಮೇಲೆ ಬರಬೇಕು, ತಗ್ಗಿನಲ್ಲಿ ಅಲ್ಲ. ತಗ್ಗಿನಲ್ಲಿ ನೀರು ಹರಿಯುತ್ತದೆ, ಅಲ್ಲಿ ತೂತು ಕೊರೆದರೆ ವಾಷರ್ ಹೋದ ದಿನವೇ ಸೋರುತ್ತದೆ.

ಹಂಚು_ಪ್ರೀತಿ
ಶೀಟು ಹಾಕಿದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅವತ್ತಿನಿಂದ ಈ ಮಳೆಗೆ ಹೊಂದಿ ಬಂದದ್ದು ಹಂಚು. ಅಡಿಯಿಂದ ಗಾಳಿ ಆಡುತ್ತದೆ, ಹೊಗೆ ಸಂದಿಯಲ್ಲಿ ಹೋಗುತ್ತದೆ, ಸದ್ದಿಲ್ಲ. ಶೀಟಿನ ಕೆಳಗೆ ಜೋರು ಮಳೆ ಬಂದರೆ ಪಕ್ಕದಲ್ಲಿದ್ದವರ ಮಾತು ಕೇಳುವುದಿಲ್ಲ.

ಮಾಡು_ಕೆಲಸ
ಹಂಚು ನನಗೂ ಇಷ್ಟ. ಆದರೆ ಪ್ರತಿ ಏಪ್ರಿಲ್‌ನಲ್ಲಿ ಹಂಚು ಕೈಯಾಡಿಸಲು ಜನ ಎಲ್ಲಿ ಸಿಗುತ್ತಾರೆ? ತೆಂಗಿನಕಾಯಿ ಬಿದ್ದು ಒಂದು ಒಡೆದರೆ ಮಳೆಯಲ್ಲಿ ಏರಿ ಬದಲಿಸುವವರು ಯಾರು? ಅವರ ಪೈಪು ಶೀಟಿನ ಭಾರಕ್ಕೆ ಮಾಡಿದ್ದು. ಅದರ ಮೇಲೆ ಹಂಚು ಹೊರಿಸಲು ಆಗುವುದಿಲ್ಲ. ಇರುವುದನ್ನು ಸರಿ ಮಾಡುವ ಮಾತಾಡೋಣ.

ಹಂಚು_ಪ್ರೀತಿ
ಭಾರದ ಮಾತು ಒಪ್ಪಿದೆ. ಜನ ಸಿಗುವುದಿಲ್ಲ ಅನ್ನುವುದು ಒಪ್ಪುವುದಿಲ್ಲ. ನಮ್ಮ ಮೂಡುಬಿದಿರೆ ಕಡೆ ಈಗಲೂ ಇದ್ದಾರೆ.

ಕುಂದಾಪ್ರ_ಹೆಂಗಸು
ಇರಚಲಿಗೆ ನಮ್ಮ ಅಜ್ಜಿ ಮಾಡುತ್ತಿದ್ದದ್ದು ಮಡಲಿನ ತಟ್ಟಿ. ತೆಂಗಿನ ಮಡಲು ನೀರಿನಲ್ಲಿ ನೆನೆಸಿ, ಹೆಣೆದು, ಜಗಲಿಯ ಪಡು ಬದಿಗೆ ಕಟ್ಟುವುದು. ಮಳೆ ಅದಕ್ಕೆ ಬಡಿದು ಹನಿ ಒಡೆದು ಕೆಳಗೆ ಇಳಿಯುತ್ತದೆ, ಗಾಳಿ ಮಾತ್ರ ಒಳಗೆ ಬರುತ್ತದೆ. ನಾನು ಈಗಲೂ ಬಚ್ಚಲ ಒಲೆಯ ಬದಿಗೆ ಇದನ್ನೇ ಕಟ್ಟುತ್ತೇನೆ. ಒಂದು ಮಳೆಗಾಲ ಬಾಳುತ್ತದೆ, ಆಮೇಲೆ ಅದೇ ಒಲೆಗೆ ಸೌದೆ. ಕೆಳಗೆ ಅರ್ಧ ಅಡಿ ಬಿಟ್ಟು ಕಟ್ಟಿ, ನೆಲಕ್ಕೆ ತಾಗಿದರೆ ಗೆದ್ದಲು ಏರುತ್ತದೆ.

ಹೆಣೆಯಲು ಬಾರದಿದ್ದರೆ ದಪ್ಪದ ಶೇಡ್ ನೆಟ್ ಎರಡು ಪದರ ಕಟ್ಟಿದರೂ ಬಹಳಷ್ಟು ತಡೆಯುತ್ತದೆ.

ಪಣಂಬೂರು_ಗಾಳಿ
ಕಡಲಿಗೆ ಒಂದೂವರೆ ಕಿಲೋಮೀಟರ್ ಅಂದಿರಿ. ಮಳೆಗಿಂತ ಉಪ್ಪಿನ ಗಾಳಿ ಬಗ್ಗೆ ಯೋಚಿಸಿ. ಸಿಂಕ್ ಯಾವ ಸ್ಟೀಲು? ನಮ್ಮದು ಒಂದೇ ವರ್ಷಕ್ಕೆ ಕಂದು ಚುಕ್ಕೆ ಹಾಕಿತು. ಅಂಗಡಿಯವರು ಎಸ್‌ಎಸ್ ಅಂತ ಕೊಟ್ಟಿದ್ದರು. ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಡೂಪ್ಲಿಕೇಟ್, ಅಂಟದಿದ್ದರೆ ಒಳ್ಳೆಯದು.

ಲೇತ್_ಬೈಕಂಪಾಡಿ
ಅಯಸ್ಕಾಂತದ ಪರೀಕ್ಷೆ ನಂಬಬೇಡಿ. 202 ಅನ್ನುವ ಕಡಿಮೆ ನಿಕಲ್ ಇರುವ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ತುಕ್ಕು ಹಿಡಿಯುವುದರಲ್ಲಿ ಎರಡಕ್ಕೂ ಬಹಳ ವ್ಯತ್ಯಾಸ ಇದೆ. 304ರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್. ಮನೆಯೊಳಗೆ ಅದು ಧಾರಾಳ ಸಾಕು. ಕಡಲ ಬದಿಗೆ 316 ಒಳ್ಳೆಯದು. ಅದರಲ್ಲಿ 2ರಿಂದ 3 ಭಾಗ ಮಾಲಿಬ್ಡಿನಂ ಇರುತ್ತದೆ, ಉಪ್ಪು ಕೊರೆಯುವುದನ್ನು ತಡೆಯುವುದು ಅದೇ. ಬೆಲೆ ಜಾಸ್ತಿ. ಇದ್ದ ಸಿಂಕ್ ಕಿತ್ತು ಬಿಸಾಡುವುದು ಬೇಡ. ವಾರಕ್ಕೆ ಎರಡು ಸಲ ಬಾವಿ ನೀರಿನಿಂದ ತೊಳೆದು ಬಟ್ಟೆಯಲ್ಲಿ ಒರೆಸಿ. ಮಳೆ ಬೀಳುವ ಭಾಗ ತಾನಾಗಿ ತೊಳೆದುಹೋಗುತ್ತದೆ. ಮಳೆ ತಾಗದ, ಗಾಳಿ ಮಾತ್ರ ತಾಗುವ ಅಡಿಭಾಗದಲ್ಲೇ ಉಪ್ಪು ಕೂರುವುದು. ಅಲ್ಲಿ ಕೈ ಹಾಕಿ ಒರೆಸಿ.

ಕಬ್ಬಿಣದ ನಾರಿನಿಂದ ಮಾತ್ರ ತಿಕ್ಕಬೇಡಿ. ಅದರ ಚೂರು ಸ್ಟೀಲಿನಲ್ಲಿ ಕೂತು, ಅದೇ ತುಕ್ಕು ಹಿಡಿದು, ಸಿಂಕ್ ಹಾಳಾಯಿತು ಅಂತ ಕಾಣುತ್ತದೆ. ತೆಂಗಿನ ನಾರು ಸಾಕು.

ಪಣಂಬೂರು_ಗಾಳಿ
ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್. ನಾನು ಕಬ್ಬಿಣದ ನಾರಿನಲ್ಲೇ ತಿಕ್ಕುತ್ತಿದ್ದೆ.

ಅಡುಗೆ_ಕಾರ್ಕಳ
ಒಂದು ಪ್ರಶ್ನೆ. ಸಿಲಿಂಡರ್ ಎಲ್ಲಿಟ್ಟಿದ್ದೀರಿ? ಅದರ ಬಗ್ಗೆ ನೀವು ಬರೆದೇ ಇಲ್ಲ.

ಕಟಪಾಡಿ_ಹಿತ್ತಲು
ಕಟ್ಟೆಯ ಕೆಳಗಿನ ಕಪಾಟಿನಲ್ಲಿ. ಬಾಗಿಲು ಹಾಕಿ ಇಡುತ್ತೇವೆ, ಮಕ್ಕಳಿದ್ದಾರೆ ಅಂತ.

ಅಡುಗೆ_ಕಾರ್ಕಳ
ದಯವಿಟ್ಟು ಇವತ್ತೇ ಹೊರಗೆ ತೆಗೆಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಕಪಾಟಿನ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಪಕ್ಕದಲ್ಲೇ ಕಟ್ಟಿಗೆ ಒಲೆ ಬೇರೆ ಇದೆ. ಈಗ ಮಳೆಗೆ ಬಾಗಿಲು ಉಬ್ಬಿ ಸಂದಿ ಮುಚ್ಚಿಹೋದರೆ ಇನ್ನೂ ಅಪಾಯ.

ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಒಲೆಗಿಂತ ತಗ್ಗಿನಲ್ಲಿ, ಕಟ್ಟಿಗೆ ಒಲೆಯಿಂದ ಆದಷ್ಟು ದೂರ, ಎರಡು ಕಡೆಯಿಂದಲಾದರೂ ಗಾಳಿ ಆಡುವ ಜಾಗದಲ್ಲಿ ಇಡಿ. ಗಿಡ್ಡ ಗೋಡೆಯ ಹೊರಗೆ ಒಂದು ಕಲ್ಲಿನ ಪೀಠ ಮಾಡಿ, ಮೇಲೆ ಸಣ್ಣ ಮಾಡು ಕೊಟ್ಟರೆ ಸಾಕು. ಬಾಗಿಲು ಬೇಕೇ ಬೇಕು ಅಂದರೆ ಜಾಲರಿಯದ್ದು ಹಾಕಿ, ಬುಡದಲ್ಲಿ ಬಿಟ್ಟಿರಲಿ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿನ ಮೇಲೆ ವರ್ಷ ಬರೆದಿರುತ್ತದೆ, ಐದು ವರ್ಷ ಆಗಿದ್ದರೆ ಬದಲಿಸಿ. ಹೊರಗೆ ಇಲಿ ಕಡಿಯುವುದು ಜಾಸ್ತಿ. ತಿಂಗಳಿಗೊಮ್ಮೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ವಾಸನೆ ಬಂದರೆ 1906ಕ್ಕೆ ಫೋನ್ ಮಾಡಿ, ಅದು ಗ್ಯಾಸ್ ಸೋರಿಕೆಗೇ ಇರುವ ನಂಬರ್.

ಕಟಪಾಡಿ_ಹಿತ್ತಲು
ಓದಿದ ಕೂಡಲೇ ಹೋಗಿ ತೆಗೆಸಿದೆ. ಈಗ ಗಿಡ್ಡ ಗೋಡೆಯ ಆಚೆ ಇದೆ. ಟ್ಯೂಬಿನ ಮೇಲೆ ನೋಡಿದರೆ ಅವಧಿ ಮುಗಿದು ಒಂದು ವರ್ಷ ಆಗಿದೆ! ಹಳೇ ಮನೆಯದ್ದನ್ನೇ ತಂದು ಹಾಕಿದ್ದೆವು. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಸುರತ್ಕಲ್_ಟು_ಟೊರೊಂಟೊ
ಊರು ಸುರತ್ಕಲ್, ಇರುವುದು ಟೊರೊಂಟೊದಲ್ಲಿ. ಇಲ್ಲಿ ಹೊರಗಿನ ಅಡುಗೆಮನೆಯನ್ನು ಚಳಿಗಾಲಕ್ಕೆ ತಯಾರು ಮಾಡುತ್ತೇವೆ. ಅಕ್ಟೋಬರ್ ಕೊನೆಗೆ ಮನೆಯೊಳಗಿನ ವಾಲ್ವ್ ಮುಚ್ಚಿ, ಹೊರಗಿನ ಪೈಪಿನ ನೀರೆಲ್ಲ ಇಳಿಸಿ, ನಲ್ಲಿ ತೆರೆದೇ ಬಿಡುತ್ತೇವೆ. ನೀರು ಹೆಪ್ಪುಗಟ್ಟಿದರೆ ಸುಮಾರು 9 ಶೇಕಡಾ ಹಿಗ್ಗುತ್ತದೆ, ಪೈಪು ಸೀಳಿಬಿಡುತ್ತದೆ. ಸಿಲಿಂಡರ್ ಬಿಚ್ಚಿ ಹೊರಗೇ ನೆಟ್ಟಗೆ ಇಡುತ್ತೇವೆ, ಮನೆಯೊಳಗೆ ತರುವುದಿಲ್ಲ. ಗ್ರಿಲ್ ತಿಕ್ಕಿ ಎಣ್ಣೆ ಸವರಿ ಕವರ್ ಹಾಕುತ್ತೇವೆ.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಯೂಟ್ಯೂಬ್‌ನಲ್ಲಿ ಸಿಗುವ ವಿಡಿಯೋಗಳು ಜಾಸ್ತಿ ಈ ಕಡೆಯವು. ಕವರ್ ಹಾಕಿ, ಬಿಗಿಯಾಗಿ ಮುಚ್ಚಿ ಅನ್ನುತ್ತಾರೆ. ಇಲ್ಲಿ ಅದು ಸರಿ, ಯಾಕಂದರೆ ಚಳಿಯ ಗಾಳಿಯಲ್ಲಿ ಪಸೆ ಬಹಳ ಕಡಿಮೆ. ನಮ್ಮೂರಿನ ಜುಲೈ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಆ ಗಾಳಿಯನ್ನು ಕವರಿನೊಳಗೆ ಕಟ್ಟಿಹಾಕಿದರೆ ಆವಿ ಒಳಗೇ ಹನಿಯಾಗುತ್ತದೆ. ಅಪ್ಪನಿಗೆ ಇಲ್ಲಿಂದ ಒಂದು ದುಬಾರಿ ಗ್ರಿಲ್ ಕವರ್ ಕಳಿಸಿದ್ದೆ. ಎರಡು ತಿಂಗಳಲ್ಲಿ ಅದರೊಳಗಿನ ಗ್ರಿಲ್ ಕೆಂಪಾಗಿತ್ತು.

ಬಾವಿಕಟ್ಟೆ_ಬಜ್ಪೆ
ನಾನು ಹೇಳಿದ್ದಕ್ಕೆ ಕಾರಣ ಇವರು ಬಿಡಿಸಿ ಹೇಳಿದರು.

ಕದ್ರಿ_ಬಾಲ್ಕನಿ
ನಮ್ಮದು ಫ್ಲಾಟ್. ಬಾಲ್ಕನಿಯಲ್ಲಿ ಇದ್ದಿಲಿನ ಸಣ್ಣ ಬಾರ್ಬೆಕ್ಯೂ ಇದೆ. ಮಳೆಗೆ ಬಾಲ್ಕನಿಯ ಗಾಜು ಎಳೆದು ಒಳಗೇ ಮಾಡಬಹುದಾ? ಹೊಗೆ ಏನೂ ಜಾಸ್ತಿ ಬರುವುದಿಲ್ಲ.

ಅಡುಗೆ_ಕಾರ್ಕಳ
ಬೇಡ. ಖಂಡಿತ ಬೇಡ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಇಲ್ಲ ಅಂತ ಅದು ಇಲ್ಲ ಅಂತಲ್ಲ. ತಲೆ ಸುತ್ತಿ ನಿದ್ದೆ ಬಂದ ಹಾಗೆ ಆಗುತ್ತದೆ, ಏಳಲು ಆಗುವುದಿಲ್ಲ. ಕಟಪಾಡಿಯವರಿಗೂ ಇದೇ ಮಾತು. ಸುತ್ತ ಟಾರ್ಪಾಲ್ ಬಿಗಿದು ಒಳಗೆ ಕಟ್ಟಿಗೆ ಉರಿಸಬೇಡಿ.

ಕದ್ರಿ_ಬಾಲ್ಕನಿ
ಸರಿ. ಅಕ್ಟೋಬರ್ ತನಕ ಅಟ್ಟಕ್ಕೆ ಏರಿಸುತ್ತೇನೆ.

ವೈರಿಂಗ್_ಉಡುಪಿ
ಗ್ರೈಂಡರ್ ಪ್ಲಗ್ ಬಗ್ಗೆ ಯಾರೂ ಮಾತಾಡಲಿಲ್ಲ. ಹೊರಗಿನ ಪಾಯಿಂಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನಾಗಿ ಬೀಳುವ ಸ್ವಿಚ್) ಇದೆಯಾ ನೋಡಿ. ಬರೀ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್) ಇದ್ದರೆ ಸಾಲದು. ಎಂಸಿಬಿ ವೈರ್ ಉಳಿಸುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು ಉಳಿಸುತ್ತದೆ. ಒದ್ದೆ ಕೈ, ಒದ್ದೆ ನೆಲ, ಬರಿಗಾಲು. ಹಿತ್ತಲಿನಲ್ಲಿ ಈ ಮೂರೂ ಒಟ್ಟಿಗೆ ಇರುತ್ತವೆ. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು.

ಪ್ಲಗ್ಗಿಗೆ ಮುಚ್ಚಳ ಇರುವ ಹೊರಗಿನ ಬಾಕ್ಸ್ ಹಾಕಿಸಿ, ಪಡುವಣದ ಬದಿಗೆ ಬೇಡ, ಮನೆಯ ಗೋಡೆಗೆ ಹಾಕಿಸಿ. ವೈರ್ ಬಾಕ್ಸಿಗೆ ಅಡಿಯಿಂದ ಬರಲಿ. ಮೇಲಿನಿಂದ ಬಂದರೆ ನೀರು ವೈರ್ ಹಿಡಿದುಕೊಂಡೇ ಒಳಗೆ ಇಳಿಯುತ್ತದೆ. ಮೇ ತಿಂಗಳ ಸಂಜೆ ಗುಡುಗಿದರೆ ಗ್ರೈಂಡರ್ ಪ್ಲಗ್ ಎಳೆದುಬಿಡಿ.

ಹಾವಸೆ_ಶತ್ರು
ನೆಲಕ್ಕೆ ಏನು ಹಾಕಿದ್ದೀರಿ? ಮುರಕಲ್ಲು, ಸಿಮೆಂಟು ನೆಲ ಜುಲೈಯಲ್ಲಿ ಹಾವಸೆ ಹಿಡಿದು ಜಾರುತ್ತದೆ. ನಮ್ಮ ಅಮ್ಮ ಹೀಗೇ ಜಾರಿ ಕೈ ಮುರಿದುಕೊಂಡರು. ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ಗಂಟೆ ಬಿಟ್ಟು ಗುಡಿಸಿ. ಹೋಗದಿದ್ದರೆ ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸ್ವಲ್ಪ.

ಲೇತ್_ಬೈಕಂಪಾಡಿ
ನಿಲ್ಲಿ ನಿಲ್ಲಿ. ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಹಾಕಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಉಸಿರು ಕಟ್ಟುತ್ತದೆ. ಯಾವುದಾದರೂ ಒಂದು, ಅದೂ ಚೆನ್ನಾಗಿ ತೊಳೆದ ಮೇಲೆ. ಬ್ಲೀಚಿಂಗ್ ನೀರು ಸ್ಟೀಲ್ ಸಿಂಕಿಗೆ ಹಾರಿದರೂ ಕೂಡಲೇ ತೊಳೆಯಿರಿ, ಅದೂ ತುಕ್ಕಿಗೆ ದಾರಿ.

ಹಾವಸೆ_ಶತ್ರು
ಅಯ್ಯೋ, ಹೌದಾ? ನಾವು ಬಚ್ಚಲಲ್ಲಿ ಎರಡೂ ಹಾಕುತ್ತಿದ್ದೆವು. ಕೆಮ್ಮು ಬರುತ್ತಿದ್ದದ್ದು ಅದಕ್ಕೇ ಇರಬೇಕು. ಇನ್ನು ಇಲ್ಲ.

ಅಡಿಕೆ_ಪುತ್ತೂರು
ನಾವು ಅಂಗಳದ ಹಾವಸೆಗೆ ತೋಟಕ್ಕೆ ಬಿಟ್ಟು ಉಳಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವುದೇ. ಒಂದು ಸಲ ಹೊಡೆದರೆ ತುಂಬ ದಿನ ಹಾವಸೆ ಬರುವುದಿಲ್ಲ.

ಕುಂದಾಪ್ರ_ಹೆಂಗಸು
ಅಂಗಳಕ್ಕೆ ಸರಿ. ಅಡುಗೆ ಮಾಡುವ ಜಾಗಕ್ಕೆ ಮೈಲುತುತ್ತು ಬೇಡ. ಪಾತ್ರೆ, ಸೊಪ್ಪು ಎಲ್ಲ ನೆಲದಲ್ಲಿ ಇಡುತ್ತೇವೆ ಅಲ್ವಾ. ಹಿಡಿಸೂಡಿ ಹಿಡಿದು ವಾರಕ್ಕೊಮ್ಮೆ ತಿಕ್ಕುವುದೇ ಒಳ್ಳೆಯದು. ನಡೆಯುವ ದಾರಿಗೆ ಹಳೇ ಗೋಣಿ ಹಾಕಬೇಡಿ, ಅದರ ಅಡಿಯಲ್ಲೇ ಮೊದಲು ಜಾರುವುದು.

ಬಡಗಿ_ಹೆಬ್ರಿ
ಪ್ಲೈವುಡ್ ಬಾಗಿಲು ತೆಗೆದುಬಿಡಿ. ಸರಿ ಮಾಡಿಸಲು ಹಣ ಹಾಕಬೇಡಿ. ಒಮ್ಮೆ ಉಬ್ಬಿದ ಪ್ಲೈ ಒಣಗಿದರೂ ಪದರ ಬಿಟ್ಟಿರುತ್ತದೆ. ಅಂಚನ್ನು ಉಗುರಿನಿಂದ ಒತ್ತಿ ನೋಡಿ, ಬಿಸ್ಕತ್ತಿನ ಹಾಗೆ ಪುಡಿಯಾದರೆ ಕಥೆ ಮುಗಿಯಿತು. ಹೊರಗೆ ಪ್ಲೈ ಬೇಕೇ ಬೇಕು ಅಂದರೆ ಐಎಸ್ 710 ಅಂತ ಮುದ್ರೆ ಇರುವ ಮರೈನ್ ಪ್ಲೈ, ಅದರ ನಾಲ್ಕೂ ಅಂಚಿಗೆ ಬಣ್ಣ ಕುಡಿಸಿ. ಆದರೂ ನನ್ನ ಸಲಹೆ ಕಡಪ ಕಲ್ಲಿನ ತೆರೆದ ಶೆಲ್ಫ್. ನೆಲದಿಂದ ಅರ್ಧ ಅಡಿ ಮೇಲೆ, ಬಾಗಿಲೇ ಇಲ್ಲದೆ. ಪಾತ್ರೆ ಕವುಚಿ ಹಾಕಿದರೆ ಸಾಕು.

ಮಾಡು ಹೊರುವ ಮರದ ಪಕ್ಕಾಸು ಏನಾದರೂ ಇದ್ದರೆ ಗೇರೆಣ್ಣೆ ಹಚ್ಚಬಹುದು. ಗೇರುಬೀಜದ ಸಿಪ್ಪೆಯ ಎಣ್ಣೆ, ದೋಣಿಗೂ ಹಚ್ಚುತ್ತಿದ್ದರು. ಗೆದ್ದಲು ಮುಟ್ಟುವುದಿಲ್ಲ. ಕೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ಗ್ಲೌಸ್ ಹಾಕಿ. ಒಲೆಯ ಹತ್ತಿರದ ಮರಕ್ಕೆ ಹಚ್ಚಬೇಡಿ.

ಸೌದೆ_ಸಾಲಿಗ್ರಾಮ
ಕಟ್ಟಿಗೆ ಒಲೆಯ ಬಗ್ಗೆ ನನ್ನ ಎರಡು ಮಾತು. ಮಣ್ಣಿನ ಒಲೆ ಮಳೆಗೆ ನೀರು ಕುಡಿದಿರುತ್ತದೆ. ಅದಕ್ಕೆ ಮೊದಲ ದಿನವೇ ದೊಡ್ಡ ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ಬಿರುಕು ಬಿಡಿಸುತ್ತದೆ. ಎರಡು ಮೂರು ದಿನ ತೆಂಗಿನ ಸಿಪ್ಪೆಯ ಸಣ್ಣ ಬೆಂಕಿ ಹಾಕಿ ಒಣಗಿಸಿ, ಆಮೇಲೆ ಸಗಣಿ ಮಣ್ಣು ಸಾರಿಸಿ. ಮಳೆಗಾಲದಲ್ಲಿ ದಿನಾ ಒಂದು ಸಲವಾದರೂ ಒಲೆ ಉರಿಯಲಿ. ನಾಲ್ಕು ತಿಂಗಳು ಮುಚ್ಚಿಡುವ ಬದಲು ದಿನಾ ಉರಿಸುವುದೇ ಅದಕ್ಕೆ ರಕ್ಷಣೆ. ಆ ಬಿಸಿಗೆ ಸುತ್ತಲಿನ ಗೋಡೆಯೂ ಒಣಗಿರುತ್ತದೆ.

ಸೌದೆ ಈಗಲೇ ಒಣಗಿಸಿ ಒಳಗೆ ಹಾಕಿ. 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂದಿತ್ತು, ನಮ್ಮ ಅರ್ಧ ಸೌದೆ ಅಂಗಳದಲ್ಲೇ ಇತ್ತು. ಗೆರಟೆ (ತೆಂಗಿನ ಚಿಪ್ಪು) ಒಂದು ಗೋಣಿ, ಸಿಪ್ಪೆ ಒಂದು ಗೋಣಿ, ಕೊತ್ತಳಿಗೆ (ಮಡಲಿನ ದಂಟು) ಬೇರೆ, ದೊಡ್ಡ ಸೌದೆ ಬೇರೆ. ಒಲೆಯ ಮೇಲೆ ಎತ್ತರದಲ್ಲಿ ಕಬ್ಬಿಣದ ಸರಳಿನ ಅಟ್ಟ ಮಾಡಿ ಮರುದಿನದ ಸೌದೆ ಅಲ್ಲಿಡಿ, ಹೊಗೆಗೇ ಒಣಗುತ್ತದೆ.

ಹಾವು_ಭಯ
ಸೌದೆ ರಾಶಿ ಅಡುಗೆ ಮಾಡುವ ಜಾಗಕ್ಕೆ ತಾಗಿ ಬೇಡ. ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಸೌದೆ ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಹಿಡಿದು ಕೈ ಹಾಕಿ. ಮಳೆಗಾಲದಲ್ಲಿ ಇಲಿಜ್ವರವೂ ಉಂಟು. ಕಾಲಿನಲ್ಲಿ ಗಾಯ ಇದ್ದರೆ ಹಿತ್ತಲಿನ ಕೆಸರು ನೀರಿನಲ್ಲಿ ಬರಿಗಾಲಲ್ಲಿ ಓಡಾಡಬೇಡಿ.

ಸೊಳ್ಳೆ_ಬೋಳೂರು
ಮತ್ತೆ ದಂಬೆ, ಅಂದರೆ ಮಾಡಿನ ನೀರು ಹಿಡಿದು ಹರಿಸುವ ಕಾಲುವೆ. ಶೀಟಿನ ತುದಿಗೆ ದಂಬೆ ಹಾಕಿದ್ದರೆ ಮಾವಿನ ಎಲೆ ಬಿದ್ದು ಕಟ್ಟುತ್ತದೆ. ವಾರಕ್ಕೊಮ್ಮೆ ತೆಗೆಯದಿದ್ದರೆ ಅದೇ ಸೊಳ್ಳೆಯ ತೊಟ್ಟಿಲು. ಟಾರ್ಪಾಲಿನ ಗುಂಡಿಯಲ್ಲಿ ನಿಂತ ನೀರೂ ಅಷ್ಟೇ, ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ ಹತ್ತು ದಿನ ಸಾಕು. ನಮ್ಮ ಮನೆಯಲ್ಲಿ ಡೆಂಗಿ ಬಂದು ಹೋಗಿದೆ, ಅದಕ್ಕೆ ಹೇಳುತ್ತಿದ್ದೇನೆ.

ಹಂಚು_ಪ್ರೀತಿ
ಅಡಿಕೆ ಮರದ ದಂಬೆ ಈಗ ಯಾರ ಮನೆಯಲ್ಲಾದರೂ ಉಂಟಾ? ನಮ್ಮ ಅಜ್ಜನ ಮನೆಯಲ್ಲಿ ಅದರಿಂದ ಬೀಳುವ ನೀರಿಗೆ ತಾಮ್ರದ ಹಂಡೆ ಇಡುತ್ತಿದ್ದರು. ಆ ಸದ್ದಿಗೆ ನಿದ್ದೆ ಬರುತ್ತಿತ್ತು.

ಅಡಿಕೆ_ಪುತ್ತೂರು
ನಮ್ಮ ಕೊಟ್ಟಿಗೆಗೆ ಈಗಲೂ ಅದೇ. ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇವೆ.

ಆಟಿ_ಅಡುಗೆ
ಹೊರಗಿನ ಒಲೆ ಮಳೆಗಾಲಕ್ಕೇ ಇರುವುದು ಅಂತ ನನಗೆ ಅನ್ನಿಸುತ್ತದೆ. ಆಟಿಯಲ್ಲಿ (ಜುಲೈ-ಆಗಸ್ಟ್‌ಗೆ ಬರುವ ತುಳು ತಿಂಗಳು) ಹಲಸಿನ ಬೀಜ ಬೂದಿಯಲ್ಲಿ ಹುಗಿದು ಸುಡುವುದು ಗ್ಯಾಸಿನಲ್ಲಿ ಆಗುತ್ತದಾ? ಪತ್ರೊಡೆ ಬೇಯಲು ಒಂದು ಗಂಟೆ ಬೇಕು, ಮಳೆ ನೋಡುತ್ತಾ ಒಲೆಯ ಮುಂದೆ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವುದಿಲ್ಲ, ಆಗ ಒಣಮೀನೇ ಗತಿ. ಅದನ್ನು ಒಳಗೆ ಸುಟ್ಟರೆ ನಮ್ಮ ಮನೆಯಲ್ಲಿ ಜಗಳ.

ಒಣಮೀನು, ಹಪ್ಪಳ, ಉಪ್ಪು ಮಾತ್ರ ಹೊರಗೆ ಇಡಬೇಡಿ. ಉಪ್ಪು ಎರಡೇ ದಿನದಲ್ಲಿ ನೀರಾಗುತ್ತದೆ. ಕಬ್ಬಿಣದ ಕಾವಲಿ ಕೆಲಸ ಆದ ಮೇಲೆ ತೊಳೆದು, ಒಲೆಯ ಮೇಲೆ ಒಣಗಿಸಿ, ಬಿಸಿ ಇರುವಾಗಲೇ ತೆಂಗಿನೆಣ್ಣೆ ತೆಳುವಾಗಿ ಸವರಿ ಒಳಗೆ ತನ್ನಿ.

ಅಡುಗೆ_ಕಾರ್ಕಳ
ಒಂದು ಮರೆತಿದ್ದೆ. ಸ್ಟೌ ಕೆಲವು ದಿನ ಬಳಸದಿದ್ದರೆ ಬರ್ನರಿನ ಕೊಳವೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಉರಿ ನೀಲಿ ಬದಲು ಹಳದಿ ಬಂದರೆ, ಪಾತ್ರೆಯ ಅಡಿ ಕಪ್ಪಾದರೆ, ಬರ್ನರ್ ಬಿಚ್ಚಿ ನೋಡಿ. ನಮ್ಮದರಲ್ಲಿ ಬೆರಳಿನ ಗಂಟಿನಷ್ಟು ಮಣ್ಣು ಸಿಕ್ಕಿತ್ತು.

ಮಾಡು_ಕೆಲಸ
ಕಟಪಾಡಿಯವರೇ, ಕಂಬದ ಬುಡ ನೋಡಿದ್ದೀರಾ? ಪೈಪು ಕಾಂಕ್ರೀಟಿಗೆ ಸೇರುವಲ್ಲೇ ತುಕ್ಕು ಶುರು. ಕೆರೆದು, ಪ್ರೈಮರ್ ಹಚ್ಚಿ, ಎರಡು ಕೋಟ್ ಬಣ್ಣ ಕೊಡಿ. ಪೈಪಿನ ತಲೆ ತೆರೆದಿದ್ದರೆ ಮುಚ್ಚಳ ಬೆಸೆಸಿ. ಇಲ್ಲವಾದರೆ ನೀರು ಒಳಗೆ ತುಂಬಿ ಒಳಗಿನಿಂದ ತಿನ್ನುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ಕಟಪಾಡಿ_ಹಿತ್ತಲು
ಎಲ್ಲರ ಮಾತನ್ನೂ ಬರೆದುಕೊಂಡು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ನಮ್ಮವರೂ ಓದಿದರು. ಟಾರ್ಪಾಲ್ ಮಾತು ಬಿಟ್ಟಿದ್ದಾರೆ. ನಾಳೆ ಶೀಟಿನವರು ಬರುತ್ತಾರೆ.

ಕಟಪಾಡಿ_ಹಿತ್ತಲು
ಜೂನ್ ಮಧ್ಯಕ್ಕೆ ಬಂದೆವು, ಏನಾಯಿತು ಅಂತ ಹೇಳುತ್ತೇನೆ. ಪಡುವಣಕ್ಕೆ ಶೀಟು ಚಾಚಿಸಿದೆವು, ಓರೆ ಪೈಪ್ ಕೊಟ್ಟು. ಪ್ಲೈ ಬಾಗಿಲು ಕಿತ್ತು ಕಡಪ ಕಲ್ಲು ಹಾಕಿದೆವು. ಸಿಲಿಂಡರ್‌ಗೆ ಹೊರಗೆ ಪೀಠ ಆಯಿತು, ಹೊಸ ಟ್ಯೂಬ್ ಬಂತು. ಆರ್‌ಸಿಸಿಬಿ ಇರಲಿಲ್ಲ, ಹಾಕಿಸಿದೆವು. ಮಡಲಿನ ತಟ್ಟಿ ಅತ್ತೆಯೇ ಹೆಣೆದರು. 30 ವರ್ಷ ಆಗಿತ್ತಂತೆ ಹೆಣೆಯದೆ. ಮೊದಲ ಮಡಲಿಗೆ ಎರಡು ಸಲ ಬಿಚ್ಚಿ ಹೆಣೆದರು, ಆಮೇಲೆ ಕೈ ತಾನಾಗಿ ಓಡಿತು. ಮಗಳು ಪಕ್ಕದಲ್ಲಿ ಕೂತು ಕಲಿತಳು.

ಮೊನ್ನೆ ಇಡೀ ರಾತ್ರಿ ಹೊಡೆದ ಮಳೆಗೆ ಸ್ಟೌ ಒಣಗಿಯೇ ಇತ್ತು. ಒಲೆಯ ಬೂದಿಯೂ ಒಣಗಿತ್ತು. ಬೆಳಿಗ್ಗೆ ಅಲ್ಲೇ ನೀರುದೋಸೆ ಹಾಕಿದೆ. ಒಂದೇ ತೊಂದರೆ, ಶೀಟು ಮನೆಯ ಗೋಡೆಗೆ ಸೇರುವಲ್ಲಿ ಗೋಡೆ ಹಿಡಿದುಕೊಂಡು ನೀರು ಇಳಿಯುತ್ತಿದೆ. ಹೊಸ ಪ್ಲಗ್ ಬಾಕ್ಸಿನಿಂದ ಎರಡು ಅಡಿ ಆಚೆ.

ವೈರಿಂಗ್_ಉಡುಪಿ
ಅದು ಸರಿಯಾಗುವ ತನಕ ಆ ಪಾಯಿಂಟ್ ಆಫ್ ಮಾಡಿ ಇಡಿ. ಗ್ರೈಂಡರ್ ಒಳಗೆ ಬಳಸಿ.

ಮಾಡು_ಕೆಲಸ
ಅಲ್ಲಿಗೆ ಫ್ಲ್ಯಾಶಿಂಗ್ ಬೇಕಿತ್ತು, ನಾನು ಮೊದಲೇ ಕೇಳಬೇಕಿತ್ತು. ಗೋಡೆಯಲ್ಲಿ ಉದ್ದಕ್ಕೆ ಸೀಳು ಕೊರೆದು ತಗಡಿನ ಪಟ್ಟಿ ಕೂರಿಸಿ ಸಿಮೆಂಟು ಮುಚ್ಚುವ ಕೆಲಸ. ಒದ್ದೆ ಗೋಡೆಯಲ್ಲಿ ಅದು ಹಿಡಿಯುವುದಿಲ್ಲ, ಅಕ್ಟೋಬರ್‌ಗೆ ಇಡಿ. ಈಗ ಅರ್ಧ ದಿನ ಬಿಸಿಲು ಸಿಕ್ಕಿದರೆ ಸಾಕು, ಗೋಡೆ ಒರೆಸಿ, ಒಣಗಿದ ಮೇಲೆ ಆರು ಇಂಚು ಅಗಲದ ಬ್ಯುಟೈಲ್ ಟೇಪ್ (ನೀರು ತಡೆಯುವ ಅಂಟು ಪಟ್ಟಿ) ಹಾಕಿ. ಗೋಡೆಯ ಮೇಲೆ ಮೂರು ಇಂಚು, ಶೀಟಿನ ಮೇಲೆ ಮೂರು ಇಂಚು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಕಟಪಾಡಿ_ಹಿತ್ತಲು
ಪಾಯಿಂಟ್ ಆಫ್ ಮಾಡಿದೆ. ಟೇಪ್ ಇವತ್ತೇ ತರಿಸುತ್ತೇನೆ. ಭಾನುವಾರ ಸ್ವಲ್ಪ ಬಿಸಿಲು ಬೀಳಬಹುದು ಅಂತ ಇದೆ. ಸದ್ಯ ಅಲ್ಲಿ ಒಂದು ಬಕೆಟ್ ಇಟ್ಟಿದ್ದೇವೆ, ಎರಡು ಗಂಟೆಗೊಮ್ಮೆ ತುಂಬುತ್ತದೆ. ಅತ್ತೆ ಆ ನೀರಲ್ಲೇ ಒಲೆಯ ಕಟ್ಟೆ ತೊಳೆಯುತ್ತಿದ್ದಾರೆ.